ಸೊಂಟದ ಮರೆಯ ಹಳೆಯ ಪಿಸ್ತೂಲು: ಹೊಣೆ ಯಾರದು?

ಹಳೆಯ ಕಾರೊಂದನ್ನು ಕೊಳ್ಳಲು ಹೊರಟವನು ಮೊದಲು ಅದರ ದಾಖಲೆಪತ್ರಗಳನ್ನು ಕೇಳುತ್ತಾನೆ. ಎಷ್ಟು ಕಿಲೋಮೀಟರ್ ಓಡಿದೆ, ಬ್ರೇಕ್ ಹಿಡಿಯುತ್ತದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸುತ್ತಾನೆ. ಬ್ರೇಕಿನಲ್ಲಿ ದೋಷವಿದ್ದರೆ ಆ ಮಾದರಿಯ ಕಾರುಗಳನ್ನೆಲ್ಲ ಹಿಂದಕ್ಕೆ ಕರೆಸಿ ಸರಿಪಡಿಸಿಕೊಡುವಂತೆ ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಅಮೆರಿಕದ ಸರಕಾರಕ್ಕಿದೆ. ರೊಟ್ಟಿ ಸುಡುವ ಟೋಸ್ಟರಿಗೂ, ಮಕ್ಕಳ ಆಟಿಕೆಗೂ ಇಂಥದೇ ಕಾವಲು ಆ ದೇಶದಲ್ಲಿದೆ. ಆದರೆ ಅದೇ ದೇಶದ ಅಂಗಡಿಯೊಂದರಲ್ಲಿ ಬಳಸಿದ ಪಿಸ್ತೂಲನ್ನು ಕೊಳ್ಳುವವನ ಪೂರ್ವಾಪರವನ್ನು ಸರಕಾರ ಪರೀಕ್ಷಿಸುತ್ತದೆಯೇ ಹೊರತು, ಅವನ ಕೈ ಸೇರುವ ಪಿಸ್ತೂಲಿನ ಸ್ಥಿತಿಯನ್ನಲ್ಲ.

ಆ ಪಿಸ್ತೂಲು ಕಪಾಟಿನಲ್ಲಿ ಕುಳಿತಿರುವುದಾದರೆ ಇದು ದೊಡ್ಡ ಮಾತಲ್ಲ. ಆದರೆ ಈಗ ಅದು ಅಂಗಿಯ ಮರೆಯಲ್ಲಿ, ಸೊಂಟದ ಪಟ್ಟಿಯ ಒಳಗೆ, ತುಂಬಿದ ಸ್ಥಿತಿಯಲ್ಲಿ ದಿನಸಿ ಅಂಗಡಿಗೆ, ಚಿತ್ರಮಂದಿರಕ್ಕೆ, ಮಕ್ಕಳ ಆಟದ ಮೈದಾನಕ್ಕೆ ಹೋಗಿಬರುತ್ತಿದೆ. ಮರೆಮಾಡಿ ಆಯುಧ ಒಯ್ಯುವ ಹಕ್ಕು ಕಳೆದೆರಡು ದಶಕಗಳಲ್ಲಿ ಅಮೆರಿಕದ ಉದ್ದಗಲಕ್ಕೂ ಹಬ್ಬಿದೆ. ಆ ಹಕ್ಕಿನ ಜತೆಗೆ ಬರಬೇಕಾದ ಹೊಣೆ ಮಾತ್ರ ಎಲ್ಲಿಯೂ ಬರೆದಿಟ್ಟಂತಿಲ್ಲ. ಹಳೆಯ ಪಿಸ್ತೂಲಿನ ಪಾಲನೆ ಎಂಬ ಸಣ್ಣ ಸಂಗತಿ ಸಾರ್ವಜನಿಕ ಚರ್ಚೆಗೆ ಅರ್ಹವಾಗುವುದು ಈ ಕಾರಣಕ್ಕೆ.

ಪರವಾನಗಿ ಹಿಂದೆ ಸರಿದ ಬಗೆ

ಒಂದು ಕಾಲದಲ್ಲಿ ಆಯುಧವನ್ನು ಮರೆಮಾಡಿ ಒಯ್ಯುವುದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಪರಾಧವಾಗಿತ್ತು, ಇಲ್ಲವೇ ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ನ್ಯೂಯಾರ್ಕ್ ರಾಜ್ಯ 1911ರಲ್ಲಿ ತಂದ ಸಲಿವನ್ ಕಾಯ್ದೆ ಇದಕ್ಕೆ ಪ್ರಸಿದ್ಧ ನಿದರ್ಶನ. ವರ್ಮಾಂಟ್ ರಾಜ್ಯವೊಂದೇ ಎಂದೂ ಪರವಾನಗಿ ಕೇಳಿದ್ದಿಲ್ಲ. 2003ರಲ್ಲಿ ಅಲಾಸ್ಕ, 2010ರಲ್ಲಿ ಅರಿಜೋನ ಪರವಾನಗಿಯ ಕಟ್ಟಳೆಯನ್ನು ತೆಗೆದುಹಾಕಿದವು. ಅಲ್ಲಿಂದ ಮುಂದೆ ಒಂದರ ಹಿಂದೊಂದರಂತೆ ರಾಜ್ಯಗಳು ಅದೇ ದಾರಿ ಹಿಡಿದವು. 2021ರಲ್ಲಿ ಟೆಕ್ಸಾಸ್, 2023ರಲ್ಲಿ ಫ್ಲಾರಿಡಾ, 2024ರಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಸಿಯಾನಾ ಸೇರಿ, ಆ ವರ್ಷದ ಹೊತ್ತಿಗೆ 50 ರಾಜ್ಯಗಳ ಪೈಕಿ 29ರಲ್ಲಿ ಅರ್ಹ ವಯಸ್ಕರು ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲನ್ನು ಮರೆಯಲ್ಲಿಟ್ಟು ಓಡಾಡಬಹುದಾಗಿತ್ತು.

ಉಳಿದ ರಾಜ್ಯಗಳಿಗೆ ಸುಪ್ರೀಂ ಕೋರ್ಟಿನ ಪೆಟ್ಟು 2022ರ ಜೂನ್ 23ರಂದು ಬಿತ್ತು. ಬ್ರೂಯೆನ್ ಪ್ರಕರಣ ಎಂದೇ ಹೆಸರಾದ ಆ ತೀರ್ಪಿನಲ್ಲಿ 6–3 ಬಹುಮತದ ಪೀಠ, ಆಯುಧ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನಿಯಮವನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಮನೆಯೊಳಗೆ ಪಿಸ್ತೂಲಿಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು 2008ರ ಹೆಲ್ಲರ್ ತೀರ್ಪು ಹೇಳಿತ್ತು. ಆ ಹಕ್ಕನ್ನು ಹೊಸ್ತಿಲ ಆಚೆಗೂ ಒಯ್ದದ್ದು ಬ್ರೂಯೆನ್. ನ್ಯೂಯಾರ್ಕ್ ಸುಮ್ಮನಿರಲಿಲ್ಲ. ಅದೇ ವರ್ಷ ತಂದ ಹೊಸ ಕಾಯ್ದೆಯಲ್ಲಿ 16 ಗಂಟೆಗಳ ಪಾಠ ಹಾಗೂ 2 ಗಂಟೆಗಳ ಗುಂಡು ಹಾರಿಸುವ ತರಬೇತಿಯನ್ನು ಕಡ್ಡಾಯಗೊಳಿಸಿತು.

ಪರವಾನಗಿ ಎಂದರೆ ಕೇವಲ ಕಾಗದವಲ್ಲ ಎಂಬುದು ಇಲ್ಲಿ ಗಮನಾರ್ಹ. ಬಹಳಷ್ಟು ರಾಜ್ಯಗಳಲ್ಲಿ ಪರವಾನಗಿಯ ನೆಪದಲ್ಲಾದರೂ ವ್ಯಕ್ತಿಯೊಬ್ಬ ತರಬೇತುದಾರನ ಎದುರು ನಿಲ್ಲುತ್ತಿದ್ದ. ಆಯುಧವನ್ನು ಖಾಲಿ ಮಾಡುವುದು ಹೇಗೆ, ಎಲ್ಲಿಡಬೇಕು, ಯಾವಾಗ ಕೈ ಹಾಕಬಾರದು ಎಂಬುದನ್ನು ಅಲ್ಲಿ ಕೇಳುತ್ತಿದ್ದ. ಅವನ ಪಿಸ್ತೂಲು ಕೆಟ್ಟಿದ್ದರೆ ಗುರಿ ಅಭ್ಯಾಸದ ಅಂಗಳದಲ್ಲೇ ಅದು ತಿಳಿಯುತ್ತಿತ್ತು. ಪರವಾನಗಿಯ ಜತೆಗೆ ಈ ಅನೌಪಚಾರಿಕ ತಪಾಸಣೆಯೂ ಮರೆಯಾಯಿತು.

ಈ ವಾದಕ್ಕೆ ಇನ್ನೊಂದು ಮುಖವೂ ಇದೆ. ಪರವಾನಗಿಯ ಶುಲ್ಕ, ತರಬೇತಿಯ ಖರ್ಚು, ಅಧಿಕಾರಿಯ ವಿವೇಚನೆ ಇವೆಲ್ಲ ಹಿಂದೆ ಬಡವರನ್ನೂ ಕಪ್ಪು ವರ್ಣೀಯರನ್ನೂ ದೂರವಿಡುವ ಬೇಲಿಯಾಗಿದ್ದವು ಎಂಬುದು ಆಯುಧ ಹಕ್ಕಿನ ಪ್ರತಿಪಾದಕರ ವಾದ. ರಾತ್ರಿ ಪಾಳಿ ಮುಗಿಸಿ ಅಪಾಯಕಾರಿ ಬೀದಿಯಲ್ಲಿ ಮನೆಗೆ ನಡೆಯುವವರಿಗೆ ಆತ್ಮರಕ್ಷಣೆಯ ಹಕ್ಕು ಬೇಡವೇ ಎಂಬ ಅವರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಕಡಿಮೆ ಬೆಲೆಯ ಹಳೆಯ ಪಿಸ್ತೂಲಿಗೆ ಗಿರಾಕಿಗಳಾಗುವವರಲ್ಲಿ ಇಂಥವರೂ ಇದ್ದಾರೆ.

ಪೊಲೀಸರ ಕೈಯಿಂದ ಪೇಟೆಗೆ

ಇಷ್ಟೊಂದು ಹಳೆಯ ಪಿಸ್ತೂಲುಗಳು ಪೇಟೆಗೆ ಬರುವುದೆಲ್ಲಿಂದ? ಅದಕ್ಕೊಂದು ಮುಖ್ಯ ಮೂಲ ಪೊಲೀಸ್ ಇಲಾಖೆಗಳೇ. ಹೊಸ ಪಿಸ್ತೂಲು ಕೊಳ್ಳುವಾಗ ಹಳೆಯವನ್ನು ವಿತರಕರಿಗೆ ಒಪ್ಪಿಸಿ ಬೆಲೆಯಲ್ಲಿ ರಿಯಾಯಿತಿ ಪಡೆಯುವುದು ಅಲ್ಲಿನ ಇಲಾಖೆಗಳ ವಾಡಿಕೆ. ವಿತರಕರು ಅವನ್ನು ಒರೆಸಿ, ದರ್ಜೆ ಕಟ್ಟಿ, ಸಾರ್ವಜನಿಕರಿಗೆ ಮಾರುತ್ತಾರೆ.

ಈ ಪ್ರವಾಹಕ್ಕೆ ಚಾರಿತ್ರಿಕ ಕಾರಣವೊಂದಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಹತರಾದರು. ಗುಂಡಿನ ಶಕ್ತಿ ಸಾಲದೆಂಬ ಚರ್ಚೆ ಎದ್ದು, ಅದರ ಫಲವಾಗಿ 1990ರಲ್ಲಿ ಪಾಯಿಂಟ್ 40 ಕ್ಯಾಲಿಬರಿನ ಗುಂಡು ರಂಗಕ್ಕೆ ಬಂತು. ದೇಶದ ಪೊಲೀಸ್ ಇಲಾಖೆಗಳು ಸಾಲುಸಾಲಾಗಿ ಅದನ್ನು ಅಪ್ಪಿಕೊಂಡವು. ಕಾಲು ಶತಮಾನ ಕಳೆಯುವಷ್ಟರಲ್ಲಿ 9 ಮಿ.ಮೀ. ಗುಂಡಿನ ವಿನ್ಯಾಸವೇ ಸುಧಾರಿಸಿ, ಅದರ ಕಡಿಮೆ ಒದೆತ ಮತ್ತು ಕಡಿಮೆ ಬೆಲೆ ಮತ್ತೆ ಆಕರ್ಷಕವೆನಿಸಿದವು. 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗ 9 ಮಿ.ಮೀ. ಪರವಾಗಿ ಮಾತಾಡಿತು, 2016ರಲ್ಲಿ ಗ್ಲಾಕ್ ಕಂಪನಿಗೆ ಗುತ್ತಿಗೆ ಸಿಕ್ಕಿತು. ಇಲಾಖೆಗಳು ಹಿಂದಿರುಗಿ ಅದೇ ಹಾದಿ ಹಿಡಿದಾಗ ಪಾಯಿಂಟ್ 40ರ ಪಿಸ್ತೂಲುಗಳು ರಾಶಿರಾಶಿಯಾಗಿ ಹಳೆಯ ಸರಕಿನ ಪೇಟೆಗೆ ಇಳಿದವು.

ಮರೆಮಾಡಿ ಒಯ್ಯಲು ಹೆಚ್ಚು ಮೆಚ್ಚುಗೆ ಗಳಿಸಿರುವುದು ಮಧ್ಯಮ ಗಾತ್ರದ, ಕಾಂಪ್ಯಾಕ್ಟ್ ಎನ್ನುವ ಮಾದರಿಗಳು. 1988ರಲ್ಲಿ ಬಂದ ಗ್ಲಾಕ್ 19 ಈ ವರ್ಗಕ್ಕೆ ಮೇಲ್ಪಂಕ್ತಿ. ನಾಲ್ಕು ಅಂಗುಲದ ನಳಿಗೆ, 15 ಗುಂಡುಗಳ ಮ್ಯಾಗಜಿನ್. ಕೈ ತುಂಬ ಹಿಡಿಯಲು ಸಾಕಾಗುವಷ್ಟು ದೊಡ್ಡದು, ಅಂಗಿಯೊಳಗೆ ಅಡಗುವಷ್ಟು ಚಿಕ್ಕದು. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಬಂದ ಮೇಲೆ ಇನ್ನೂ ಕಿರಿದಾದ ಪಿಸ್ತೂಲುಗಳ ಪೈಪೋಟಿ ಆರಂಭವಾಯಿತು. ಜನ ಹೊಸತಕ್ಕೆ ಹಾರಿದಷ್ಟೂ ಹಳೆಯದರ ಬೆಲೆ ಇಳಿಯಿತು.

ಪೊಲೀಸರು ಮಾರಿದ ಪಿಸ್ತೂಲುಗಳ ಇನ್ನೊಂದು ಗತಿಯೂ 2024ರಲ್ಲಿ ಬಯಲಿಗೆ ಬಂತು. ದಿ ಟ್ರೇಸ್, ಸಿಬಿಎಸ್ ನ್ಯೂಸ್ ಹಾಗೂ ರಿವೀಲ್ ಸಂಸ್ಥೆಗಳು ಜತೆಗೂಡಿ ನಡೆಸಿದ ತನಿಖೆಯ ಪ್ರಕಾರ, 2006ರಿಂದ 2022ರ ವರೆಗೆ ಅಪರಾಧ ಪ್ರಕರಣಗಳಲ್ಲಿ ಪತ್ತೆಯಾದ ಆಯುಧಗಳಲ್ಲಿ 52 ಸಾವಿರಕ್ಕೂ ಹೆಚ್ಚು ಒಂದೊಮ್ಮೆ ಪೊಲೀಸರವಾಗಿದ್ದವು. ಮಾರಿದವೂ ಅದರಲ್ಲಿವೆ, ಕಳುವಾದವೂ ಕಳೆದವೂ ಇವೆ. ಕಾವಲುಗಾರನ ಆಯುಧವೇ ಕೈಯಿಂದ ಕೈಗೆ ದಾಟಿ ಕಳ್ಳನ ಸೊಂಟ ಸೇರಿದ ಕಥೆ ಅದು.

ಸವೆಯುವುದು ಕಣ್ಣಿಗೆ ಕಾಣದ್ದು

ಪೊಲೀಸ್ ಪಿಸ್ತೂಲಿನ ಬಗ್ಗೆ ವ್ಯಾಪಾರಿಗಳಲ್ಲಿ ಒಂದು ಮಾತು ರೂಢಿಯಲ್ಲಿದೆ: ಹೊತ್ತದ್ದು ಹೆಚ್ಚು, ಹಾರಿಸಿದ್ದು ಕಡಿಮೆ. ಬಹುಮಟ್ಟಿಗೆ ಇದು ನಿಜ. ವರ್ಷಗಟ್ಟಲೆ ಹೋಲ್‌ಸ್ಟರಿಗೆ ಉಜ್ಜಿ ಸ್ಲೈಡಿನ ಅಂಚಿನ ಬಣ್ಣ ಬಿಳಿಚಿರುತ್ತದೆ, ಹಿಡಿಕೆ ಮಾಸಿರುತ್ತದೆ. ಆದರೆ ನಳಿಗೆಯ ಒಳಭಾಗ ಹೊಸದರಂತಿರುತ್ತದೆ. ಹೀಗಾಗಿ ಹೊರಗಿನ ಗೀರುಗಳನ್ನು ಕಂಡು ಬೇಡವೆನ್ನುವವನೂ ತಪ್ಪು ಮಾಡುತ್ತಾನೆ, ಹೊರಗಿನ ಹೊಳಪನ್ನು ಕಂಡು ಮರುಳಾಗುವವನೂ ತಪ್ಪು ಮಾಡುತ್ತಾನೆ.

ನಿಜವಾಗಿ ಸವೆಯುವುದು ಸ್ಪ್ರಿಂಗುಗಳು. ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ಸ್ಪ್ರಿಂಗಿಗೆ ನಿರ್ದಿಷ್ಟ ಆಯುಷ್ಯವಿದೆ. ಅದು ಸೋತರೆ ಸ್ಲೈಡ್ ಪೂರ್ತಿ ಮುಚ್ಚಿಕೊಳ್ಳದೆ ಪಿಸ್ತೂಲು ಕೈಕೊಡುತ್ತದೆ. ಮೊದಲ ಮಾಲೀಕ ಎಷ್ಟು ಗುಂಡು ಹಾರಿಸಿದನೆಂಬುದಕ್ಕೆ ಕಾರಿನಲ್ಲಿರುವಂಥ ಮೀಟರ್ ಪಿಸ್ತೂಲಿನಲ್ಲಿಲ್ಲ. ಆದ್ದರಿಂದ ಹಳೆಯ ಪಿಸ್ತೂಲು ಕೊಂಡೊಡನೆ ಈ ಸ್ಪ್ರಿಂಗನ್ನೂ ಮ್ಯಾಗಜಿನ್ನಿನ ಸ್ಪ್ರಿಂಗುಗಳನ್ನೂ ಬದಲಿಸುವುದು ಬಲ್ಲವರ ಪದ್ಧತಿ. ಗ್ಲಾಕ್ ಕಂಪನಿ ತನ್ನ ನಾಲ್ಕನೆಯ ತಲೆಮಾರಿನ ಆರಂಭದ ಪಿಸ್ತೂಲುಗಳ ಸ್ಪ್ರಿಂಗನ್ನು 2011ರಲ್ಲಿ ತಾನೇ ಉಚಿತವಾಗಿ ಬದಲಿಸಿಕೊಟ್ಟಿತ್ತು. ಆಗ ಬದಲಿಸಿಕೊಳ್ಳದೆ ಉಳಿದ ಪಿಸ್ತೂಲೊಂದು ಮೂರನೆಯ ಮಾಲೀಕನ ಕೈಗೆ ಬಂದಿದ್ದರೆ, ಅವನಿಗೆ ಅದನ್ನು ತಿಳಿಸುವವರು ಯಾರೂ ಇಲ್ಲ.

ಕತ್ತಲಲ್ಲಿ ಮಿನುಗುವ ಗುರಿಚುಕ್ಕೆಗಳದೂ ಇದೇ ಪಾಡು. ಪೊಲೀಸ್ ಪಿಸ್ತೂಲುಗಳಲ್ಲಿ ಸಾಮಾನ್ಯವಾದ ಈ ಚುಕ್ಕೆಗಳೊಳಗೆ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲವಿರುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ. ಅಂದರೆ ಹನ್ನೆರಡು ವರ್ಷ ಸೇವೆ ಮಾಡಿದ ಪಿಸ್ತೂಲಿನಲ್ಲಿ ಸುಮಾರು ಅರ್ಧದಷ್ಟು ಅನಿಲ ಮಾತ್ರ ಉಳಿದಿರುತ್ತದೆ. ಹಗಲಿನ ಅಂಗಡಿಯಲ್ಲಿ ನೋಡುವವನಿಗೆ ಇದು ಗೊತ್ತಾಗುವುದಿಲ್ಲ.

ಮರೆಯಲ್ಲಿ ಒಯ್ಯುವ ಪಿಸ್ತೂಲಿಗೆ ಇನ್ನೊಂದು ಶತ್ರು ಒಯ್ಯುವವನ ಮೈಬೆವರು. ಸ್ಲೈಡಿಗೆ ಒಳ್ಳೆಯ ಲೇಪವಿದ್ದರೂ ಸಣ್ಣ ಭಾಗಗಳು, ಉಕ್ಕಿನ ಸೈಟುಗಳು, ಮ್ಯಾಗಜಿನ್ ತುಕ್ಕು ಹಿಡಿಯಬಲ್ಲವು. ಬಟ್ಟೆಯ ನೂಲು, ಧೂಳು ಸೇರಿ ಟ್ರಿಗರಿನ ಸುತ್ತ, ಸ್ಲೈಡಿನ ಹಿಂಭಾಗದಲ್ಲಿ ಕಸ ಕಟ್ಟುತ್ತದೆ. ಅದನ್ನು ಹೋಗಲಾಡಿಸಲು ಎಣ್ಣೆ ಸುರಿಯುವುದು ಇನ್ನೊಂದು ತಪ್ಪು. ಫೈರಿಂಗ್ ಪಿನ್ ಓಡಾಡುವ ಜಾಗಕ್ಕೆ ಎಣ್ಣೆ ಇಳಿದರೆ ಧೂಳು ಅಂಟಿ ಕೆಸರಾಗುತ್ತದೆ. ತಯಾರಕರ ಕೈಪಿಡಿ ಹೇಳುವ ಕೆಲವೇ ಜಾಗಗಳಿಗೆ ಒಂದೊಂದು ಹನಿ ಸಾಕು.

ಗುಂಡಿನ ವಿಷಯದಲ್ಲೂ ಅನೇಕರು ಅರಿಯದ ಅಪಾಯವಿದೆ. ದಿನವೂ ರಾತ್ರಿ ಪಿಸ್ತೂಲನ್ನು ಖಾಲಿ ಮಾಡಿ ಬೆಳಿಗ್ಗೆ ಮತ್ತೆ ಅದೇ ಗುಂಡನ್ನು ಚೇಂಬರಿಗೆ ಏರಿಸುವವರು ಬಹಳ. ಹೀಗೆ ಪದೇ ಪದೇ ಬಡಿತ ತಿಂದ ಗುಂಡಿನ ತುದಿ ತನ್ನ ಹಿತ್ತಾಳೆಯ ಕವಚದೊಳಗೆ ಹುದುಗತೊಡಗುತ್ತದೆ. ಒಳಗಿನ ಜಾಗ ಕಿರಿದಾದಂತೆ ಹಾರುವಾಗಿನ ಒತ್ತಡ ಏರುತ್ತದೆ. ಪಿಸ್ತೂಲು ಸಿಡಿಯುವ ಸಂಭವವೂ ಇಲ್ಲದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಸ್ವಚ್ಛಗೊಳಿಸುವ ಹೊತ್ತಿನದೇ. ಗ್ಲಾಕ್ ಮುಂತಾದ ಕೆಲವು ಮಾದರಿಗಳನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರುತ್ತದೆ ಎಂಬುದನ್ನು ಮರೆತವನ ಪಾಲಿಗೆ ಆ ಒಂದು ಒತ್ತು ಸಾಕು. ಮ್ಯಾಗಜಿನ್ ಹೊರಗೆ, ಸ್ಲೈಡ್ ಹಿಂದಕ್ಕೆ, ಚೇಂಬರಿಗೆ ಕಣ್ಣೂ ಬೆರಳೂ, ಗುಂಡುಗಳು ಬೇರೆ ಕೋಣೆಗೆ. ಈ ಕ್ರಮ ತಪ್ಪಿದ ದಿನವೇ ಅವಘಡದ ದಿನ.

ಅಗತ್ಯವೋ ಅಲಂಕಾರವೋ

ಪಿಸ್ತೂಲಿನ ಬೆಲೆ ಕಡಿಮೆಯಾದಷ್ಟೂ ಅದಕ್ಕೆ ತೊಡಿಸುವ ಸಾಮಗ್ರಿಗಳ ಪೇಟೆ ಬೆಳೆಯುತ್ತದೆ. ಕೆಂಪು ಚುಕ್ಕೆಯ ಗಾಜಿನ ಸೈಟು, ನಳಿಗೆಯ ಕೆಳಗೆ ಕೂರುವ ದೀಪ, ಬಣ್ಣಬಣ್ಣದ ಹಿಡಿಕೆ, ಹಗುರಾದ ಟ್ರಿಗರ್, ಉದ್ದನೆಯ ಮ್ಯಾಗಜಿನ್ ಹೀಗೆ ಪಟ್ಟಿ ಉದ್ದವಾಗಿದೆ. ಹಳೆಯ ಪಿಸ್ತೂಲಿಗೆ ಕೊಟ್ಟ ಹಣಕ್ಕಿಂತ ಹೆಚ್ಚನ್ನು ಅದರ ಸಿಂಗಾರಕ್ಕೆ ಸುರಿಯುವವರು ಅಪರೂಪವಲ್ಲ.

ಇವುಗಳಲ್ಲಿ ನಿಜಕ್ಕೂ ಅನಿವಾರ್ಯವಾದದ್ದು ಒಂದೇ: ಒಳ್ಳೆಯ ಹೋಲ್‌ಸ್ಟರ್. ಮ್ಯಾನುಯಲ್ ಸುರಕ್ಷಾ ಗುಂಡಿ ಇಲ್ಲದ ಇಂದಿನ ಬಹುತೇಕ ಪಿಸ್ತೂಲುಗಳಲ್ಲಿ, ಸೊಂಟದಲ್ಲಿರುವಷ್ಟು ಹೊತ್ತು ಟ್ರಿಗರಿಗೆ ಕಾವಲಾಗಿರುವುದು ಹೋಲ್‌ಸ್ಟರ್ ಮಾತ್ರ. ಅದು ಟ್ರಿಗರಿನ ಭಾಗವನ್ನು ಪೂರ್ತಿಯಾಗಿ ಮುಚ್ಚಬೇಕು, ಪಿಸ್ತೂಲನ್ನು ಬಿಗಿಯಾಗಿ ಹಿಡಿದಿರಬೇಕು, ಪಿಸ್ತೂಲು ಹೊರಬಂದ ಮೇಲೂ ಅದರ ಬಾಯಿ ಮಡಚಿಕೊಳ್ಳಬಾರದು. ಹಳೆಯ ಚರ್ಮದ ಹೋಲ್‌ಸ್ಟರಿನ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡರೆ, ಪಿಸ್ತೂಲನ್ನು ಒಳಗಿಡುವಾಗ ಆ ಚರ್ಮವೇ ಟ್ರಿಗರನ್ನು ಒತ್ತಬಲ್ಲದು. ಜಾಕೆಟ್ಟಿನ ದಾರದ ತುದಿ, ಅಂಗಿಯ ಅಂಚು ಸಿಕ್ಕಿಕೊಂಡರೂ ಅದೇ ಫಲ. ಹೋಲ್‌ಸ್ಟರಿನ ಭಾರ ತಡೆಯುವ ಗಟ್ಟಿ ಬೆಲ್ಟು ಎರಡನೆಯ ಅಗತ್ಯ.

ದೀಪ, ಕೆಂಪು ಚುಕ್ಕೆಗಳನ್ನು ನಿಷ್ಪ್ರಯೋಜಕ ಎನ್ನಲಾಗದು. ಕಣ್ಣು ಮಸುಕಾದ ವಯಸ್ಸಿನವರಿಗೆ ಕೆಂಪು ಚುಕ್ಕೆ ನಿಜವಾದ ಅನುಕೂಲ. ಎದುರಿಗಿರುವುದು ಕಳ್ಳನೋ ಮನೆಯ ಮಗನೋ ಎಂದು ಗುರುತಿಸಲು ಬೆಳಕು ಬೇಕೇ ಬೇಕು. ಆದರೆ ಒಂದೊಂದು ಸೇರ್ಪಡೆಯೂ ಒಂದೊಂದು ಹೊಸ ಜವಾಬ್ದಾರಿಯನ್ನು ತರುತ್ತದೆ. ಬ್ಯಾಟರಿ ಬದಲಿಸಬೇಕು, ತಿರುಪು ಸಡಿಲವಾಗಿದೆಯೇ ನೋಡಬೇಕು. ದೀಪ ಜೋಡಿಸಿದ ಪಿಸ್ತೂಲಿಗೆ ಹಳೆಯ ಹೋಲ್‌ಸ್ಟರ್ ಹೊಂದುವುದಿಲ್ಲ, ಹೊಸದನ್ನೇ ಕೊಳ್ಳಬೇಕು. ಪಿಸ್ತೂಲಿಗೆ ಜೋಡಿಸಿದ ದೀಪದಿಂದ ದಾರಿ ಹುಡುಕುವವನು, ತಾನು ಬೆಳಕು ಚೆಲ್ಲಿದ್ದರ ಮೇಲೆಲ್ಲ ನಳಿಗೆಯನ್ನೂ ತಿರುಗಿಸುತ್ತಿರುತ್ತಾನೆ ಎಂಬುದನ್ನು ಮರೆಯಬಾರದು.

ಟ್ರಿಗರನ್ನು ಹಗುರಗೊಳಿಸುವ ಸಾಮಗ್ರಿಗಳದು ಬೇರೆಯೇ ಕಥೆ. ಗುರಿ ಸ್ಪರ್ಧೆಯಲ್ಲಿ ಗುಣವಾಗುವುದು ಸೊಂಟದಲ್ಲಿ ದೋಷವಾಗುತ್ತದೆ. ಕಾರ್ಖಾನೆ ನಿಗದಿಪಡಿಸಿದ ಬಿಗಿಯನ್ನು ಕಳಚಿದವನು, ಅನಾಹುತವಾದ ದಿನ ನ್ಯಾಯಾಲಯದಲ್ಲಿ ಕಂಪನಿಯತ್ತ ಬೆರಳು ತೋರಿಸಲಾರ. ಪಿಸ್ತೂಲನ್ನು ಮೆಷಿನ್ ಗನ್ನಿನಂತೆ ಹಾರುವಂತೆ ಮಾಡುವ ಕಾನೂನುಬಾಹಿರ ಬಿಡಿಭಾಗಗಳ ಹಾವಳಿಯಂತೂ ಈಗ ರಾಜಕೀಯ ಪ್ರಶ್ನೆಯೇ ಆಗಿದೆ. ಷಿಕಾಗೋ ನಗರಾಡಳಿತ 2024ರ ಮಾರ್ಚಿನಲ್ಲಿ ಗ್ಲಾಕ್ ಕಂಪನಿಯ ಮೇಲೆ ದಾವೆ ಹೂಡಿತು. ಇಂಥ ಮಾರ್ಪಾಡಿಗೆ ಸುಲಭವಾಗಿ ಒಗ್ಗುವ ಪಿಸ್ತೂಲುಗಳನ್ನು ವ್ಯಾಪಾರಿಗಳು 2026ರ ಜುಲೈ 1ರಿಂದ ಮಾರಕೂಡದೆಂಬ ಕಾಯ್ದೆಗೆ ಕ್ಯಾಲಿಫೋರ್ನಿಯಾದ ಗವರ್ನರ್ 2025ರ ಅಕ್ಟೋಬರಿನಲ್ಲಿ ಸಹಿ ಹಾಕಿದರು.

ಹಿಂದಕ್ಕೆ ಕರೆಸುವವರಿಲ್ಲದ ಸರಕು

ಇಷ್ಟೆಲ್ಲ ಎಚ್ಚರಿಕೆ ವ್ಯಕ್ತಿಯ ತಲೆಗೇ ಬರಲು ಕಾರಣ ಕಾನೂನಿನ ಒಂದು ಖಾಲಿ ಜಾಗ. ಅಮೆರಿಕದ ಗ್ರಾಹಕ ಸರಕು ಸುರಕ್ಷಾ ಆಯೋಗ ಹುಟ್ಟಿದ್ದು 1972ರ ಕಾಯ್ದೆಯಿಂದ. ಆದರೆ ಬಂದೂಕು ಮತ್ತು ಗುಂಡುಗಳ ಗೊಡವೆಗೆ ಹೋಗದಂತೆ 1976ರಲ್ಲಿ ಸಂಸತ್ತು ಅದರ ಕೈಕಟ್ಟಿತು. ಪಿಸ್ತೂಲಿನಲ್ಲಿ ದೋಷವಿದ್ದರೆ ಹಿಂದಕ್ಕೆ ಕರೆಸಬೇಕೇ ಬೇಡವೇ ಎಂಬುದು ತಯಾರಕರ ಇಚ್ಛೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಹೊಸ ಮಾದರಿಗಳಿಗೆ ಬೀಳಿಸಿ ನೋಡುವ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಆದರೆ ಖಾಸಗಿ ವ್ಯಕ್ತಿಗಳ ನಡುವೆ ಕೈಬದಲಾಗುವ ಹಳೆಯ ಪಿಸ್ತೂಲಿಗೆ ಅಲ್ಲಿಯೂ ಆ ಪಟ್ಟಿ ಅನ್ವಯಿಸುವುದಿಲ್ಲ.

ಕಂಪನಿಗಳು ಸ್ವಯಂಪ್ರೇರಿತವಾಗಿ ನಡೆದುಕೊಂಡ ಉದಾಹರಣೆಗಳಿವೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ 2013ರಲ್ಲಿ ಎಕ್ಸ್‌ಡಿ–ಎಸ್ ಪಿಸ್ತೂಲುಗಳನ್ನೂ, ಸ್ಮಿತ್ ಅಂಡ್ ವೆಸನ್ 2020ರ ನವೆಂಬರಿನಲ್ಲಿ ಷೀಲ್ಡ್ ಈಜಿ ಮಾದರಿಯ ಕೆಲವು ಪಿಸ್ತೂಲುಗಳನ್ನೂ ಹಿಂದಕ್ಕೆ ಕರೆಸಿದವು. ಬ್ರೆಜಿಲಿನ ಟಾರಸ್ ಕಂಪನಿ ಮಾತ್ರ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಒಂಬತ್ತು ಮಾದರಿಗಳ, ಹತ್ತು ಲಕ್ಷಕ್ಕೆ ಹತ್ತಿರದಷ್ಟು ಪಿಸ್ತೂಲುಗಳಿಗೆ ಸಂಬಂಧಿಸಿದ ಸಾಮೂಹಿಕ ದಾವೆ 2015ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು, ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ. ಸಿಗ್ ಸಾವರ್ ತನ್ನ ಪಿ320 ಪಿಸ್ತೂಲಿಗೆ 2017ರ ಆಗಸ್ಟಿನಲ್ಲಿ ಉಚಿತ ಸುಧಾರಣೆಯನ್ನು ಘೋಷಿಸಿತು. ಟ್ರಿಗರ್ ಮುಟ್ಟದೆಯೇ ಹಾರಿತೆಂಬ ದೂರುಗಳ ಮೇಲೆ 2024ರಲ್ಲಿ ಜಾರ್ಜಿಯ ಹಾಗೂ ಫಿಲಡೆಲ್ಫಿಯದ ಜ್ಯೂರಿಗಳು ಗಾಯಾಳುಗಳ ಪರ ತೀರ್ಪಿತ್ತವು. ಪಿಸ್ತೂಲಿನಲ್ಲಿ ದೋಷವಿಲ್ಲವೆಂಬುದು ಕಂಪನಿಯ ನಿಲುವು. ಹಲವು ದಾವೆಗಳು ವಜಾ ಆಗಿರುವುದೂ ಉಂಟು.

ಇಂಥ ಪ್ರಕಟಣೆಗಳು ಮೊದಲ ಮಾಲೀಕನಿಗೆ ತಲುಪಿದರೂ ತಲುಪಬಹುದು. ಎರಡನೆಯ, ಮೂರನೆಯ ಮಾಲೀಕನ ವಿಳಾಸ ಕಂಪನಿಯ ಬಳಿ ಇರುವುದಿಲ್ಲ. ಕೇಂದ್ರೀಯ ನೋಂದಣಿ ಪುಸ್ತಕವೂ ಆ ದೇಶದಲ್ಲಿಲ್ಲ. ಹಳೆಯ ಪಿಸ್ತೂಲು ಕೊಂಡವನು ತಾನಾಗಿಯೇ ಅದರ ಕ್ರಮಸಂಖ್ಯೆಯನ್ನು ತಯಾರಕರಿಗೆ ತಿಳಿಸಿ ವಿಚಾರಿಸದಿದ್ದರೆ ದೋಷ ಅವನ ಸೊಂಟದಲ್ಲೇ ಉಳಿಯುತ್ತದೆ. ಕಾಸು ಖರ್ಚಿಲ್ಲದ ಈ ಒಂದು ವಿಚಾರಣೆ, ನೂರಾರು ಡಾಲರಿನ ಸಾಮಗ್ರಿಗಿಂತ ಮೇಲು.

ಮನೆಯೊಳಗಿನ ಲೆಕ್ಕ

ಅಮೆರಿಕದಲ್ಲಿ 2023ರಲ್ಲಿ ಗುಂಡಿನಿಂದ ಸತ್ತವರು 46,728 ಮಂದಿ. ಅದರಲ್ಲಿ ಸುಮಾರು 27,300 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಬೀದಿಯ ಕಳ್ಳನಿಗೆಂದು ಕೊಂಡ ಪಿಸ್ತೂಲು ಮನೆಯವರ ದುಃಖದ ಗಳಿಗೆಯಲ್ಲಿ ಕೈಗೆ ಸಿಗುವುದೇ ಹೆಚ್ಚಿನ ಅಪಾಯ ಎಂಬುದನ್ನು ಈ ಅಂಕಿ ಹೇಳುತ್ತದೆ. ಬೀಗವಿರುವ ಕಬ್ಬಿಣದ ಪೆಟ್ಟಿಗೆ ಸಾಮಗ್ರಿಗಳ ಪಟ್ಟಿಯಲ್ಲಿ ಕೊನೆಗಲ್ಲ, ಮೊದಲಿಗೆ ಬರಬೇಕು.

ಕಳವಿನ ಲೆಕ್ಕವೂ ಕಡಿಮೆಯಿಲ್ಲ. 2017ರಿಂದ 2021ರ ನಡುವಿನ ಐದು ವರ್ಷಗಳಲ್ಲಿ ಖಾಸಗಿ ವ್ಯಕ್ತಿಗಳಿಂದ ಹತ್ತು ಲಕ್ಷಕ್ಕೂ ಮೀರಿ ಆಯುಧಗಳು ಕಳುವಾದವೆಂದು ಅಲ್ಲಿನ ಆಯುಧ ನಿಯಂತ್ರಣ ಸಂಸ್ಥೆ ಎಟಿಎಫ್ ವರದಿ ಮಾಡಿದೆ. ಕಚೇರಿಗೆ ಒಯ್ಯಲಾಗದೆ ಕಾರಿನಲ್ಲಿ ಬಿಟ್ಟುಹೋದ ಪಿಸ್ತೂಲು ಕಳ್ಳರಿಗೆ ಸುಲಭದ ತುತ್ತು. ಇನ್ನು ಮರೆವಿನ ಮಾತು. 2024ರಲ್ಲಿ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಸಿಕ್ಕ ಪಿಸ್ತೂಲು, ಬಂದೂಕುಗಳು 6,678. ಅವುಗಳಲ್ಲಿ ಶೇ. 94ರಷ್ಟು ತುಂಬಿದ ಸ್ಥಿತಿಯಲ್ಲಿದ್ದವು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಚೀಲದಲ್ಲಿದ್ದುದು ಮರೆತುಹೋಯಿತು. ಸೊಂಟದಲ್ಲಿರುವುದನ್ನು ಮರೆಯುವಷ್ಟು ಅಭ್ಯಾಸವಾದಾಗ ಅದರ ಪಾಲನೆಯೂ ಮರೆತುಹೋಗಿರುತ್ತದೆ.

ಕನ್ನಡಿಗರಿಗೆ ಸಂಬಂಧವೇನು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಎಚ್–1ಬಿ ಉದ್ಯೋಗ ವೀಸಾ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪಿಸ್ತೂಲನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಲ್ಲಿನ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ರಾಜ್ಯದಲ್ಲಿ ಪರವಾನಗಿಯೇ ಬೇಡ ಎಂಬುದನ್ನು ನಂಬಿ, ಗೆಳೆಯನಿಂದ ಹಳೆಯ ಪಿಸ್ತೂಲು ಕೊಂಡವನು ಒಕ್ಕೂಟದ ಅಪರಾಧಿಯಾಗುತ್ತಾನೆ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ನಿಷೇಧವಿಲ್ಲ. ಆದರೆ ಗುರಿ ಅಭ್ಯಾಸಕ್ಕೆ ಒಯ್ದ ಚೀಲವನ್ನೇ ತಾಯ್ನಾಡಿನ ಪ್ರಯಾಣಕ್ಕೆ ಎತ್ತಿಕೊಂಡವರು ಎಚ್ಚರದಿಂದಿರಬೇಕು. ಮೂಲೆಯಲ್ಲುಳಿದ ಒಂದೇ ಒಂದು ಸಜೀವ ಗುಂಡು ಭಾರತದ ವಿಮಾನ ನಿಲ್ದಾಣದಲ್ಲಿ ಆಯುಧ ಕಾಯ್ದೆಯ ಪ್ರಕರಣವಾಗುತ್ತದೆ. ಅರಿವಿಲ್ಲದೆ ಇದ್ದದ್ದು ಎಂಬುದನ್ನು ಆಮೇಲೆ ನ್ಯಾಯಾಲಯದಲ್ಲಿ ತೋರಿಸಿಕೊಡಬೇಕಾಗುತ್ತದೆ.

ಭಾರತದ ಕಾನೂನು ತದ್ವಿರುದ್ಧ ದಿಕ್ಕಿನಲ್ಲಿದೆ. ಇಲ್ಲಿ ಆಯುಧ ಹಕ್ಕಲ್ಲ, ಸರಕಾರ ಕೊಡುವ ಅನುಮತಿ. 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷೇಧಿತ ಬೋರ್. 2019ರ ತಿದ್ದುಪಡಿ ಒಬ್ಬನು ಹೊಂದಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಸಂಭ್ರಮಾಚರಣೆಯ ಗುಂಡಿಗೆ ಎರಡು ವರ್ಷದವರೆಗಿನ ಸೆರೆ ಇಲ್ಲವೇ ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿತು. 2016ರ ಆಯುಧ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನೂ ಸೇರಿಸಿವೆ. ಆದರೂ ಇಲ್ಲಿಯ ಕಣ್ಣು ಇರುವುದು ಹೆಚ್ಚಾಗಿ ಪರವಾನಗಿಯ ಕಾಗದದ ಮೇಲೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಕೋವಿಯನ್ನು ತಿಂಗಳುಗಳ ಬಳಿಕ ಹಿಂದಕ್ಕೆ ಪಡೆದವನು ಮೊದಲು ನೋಡಬೇಕಾದ್ದು ಅದರ ನಳಿಗೆಯನ್ನು.

ಪಾಲನೆಯ ಪಾಠವನ್ನು ಹೊರಗೆ ಹುಡುಕಬೇಕಾಗಿಲ್ಲ. ಪರವಾನಗಿಯಿಂದ ವಿನಾಯಿತಿ ಪಡೆದಿರುವ ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಯನ್ನು ಶುಚಿಗೊಳಿಸಿ, ಆಮೇಲೆ ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರ ವರೆಗೆ ಮುಂದುವರಿಸಿತು, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕಾಗದವಿಲ್ಲದ ಆ ಹಕ್ಕಿನ ಬೆನ್ನಿಗೆ ಮನೆತನದ ಕಣ್ಣು, ಊರಿನ ಕಟ್ಟಳೆ ಇವೆ. ಕೋವಿ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಮನೆಮಂದಿಗೆಲ್ಲ ಗೊತ್ತು. ಮರೆಮಾಡಿ ಒಯ್ಯುವ ಪಿಸ್ತೂಲಿನ ಸ್ವಭಾವವೇ ಬೇರೆ. ಅದನ್ನು ಯಾರೂ ಕಾಣಬಾರದೆಂಬುದೇ ಅದರ ಉದ್ದೇಶ. ಯಾರೂ ಕಾಣದ್ದರ ತುಕ್ಕನ್ನೂ ಯಾರೂ ಕಾಣರು.

ಆಯುಧದ ಹಕ್ಕು ಬೇಕೋ ಬೇಡವೋ ಎಂಬ ಅಮೆರಿಕದ ಜಗಳ ಸದ್ಯಕ್ಕೆ ಮುಗಿಯುವಂಥದ್ದಲ್ಲ. ಆದರೆ ಹಕ್ಕನ್ನು ಒಪ್ಪುವವರೂ ಒಪ್ಪದವರೂ ಕೂಡಿ ಮಾಡಬಹುದಾದ ಸಣ್ಣ ಕೆಲಸಗಳಿವೆ. ಹಳೆಯ ಪಿಸ್ತೂಲು ಮಾರುವ ವ್ಯಾಪಾರಿ ಅದರ ಕ್ರಮಸಂಖ್ಯೆಯನ್ನು ದೋಷದ ಪ್ರಕಟಣೆಗಳೊಂದಿಗೆ ತಾಳೆ ನೋಡಬೇಕೆಂಬ ನಿಯಮ, ದೋಷವುಳ್ಳದ್ದನ್ನು ಹಿಂದಕ್ಕೆ ಕರೆಸುವ ಅಧಿಕಾರ, ಪೊಲೀಸ್ ಇಲಾಖೆ ಮಾರುವ ಮುನ್ನ ಒಂದು ತಪಾಸಣೆ, ಇವು ಯಾರ ಹಕ್ಕನ್ನೂ ಕಸಿಯುವುದಿಲ್ಲ. ಅವು ಬರುವ ತನಕ, ಸವೆದ ಸ್ಪ್ರಿಂಗಿಗೂ ಸಡಿಲ ಹೋಲ್‌ಸ್ಟರಿಗೂ ಹೊಣೆಗಾರನೊಬ್ಬನೇ: ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆ ಮನೆಯಿಂದ ಹೊರಬೀಳುವವನು. ಅವನು ತಪ್ಪಿದರೆ ಬೆಲೆ ತೆರುವವರು ಮಾತ್ರ ಅವನೊಬ್ಬನೇ ಆಗಿರುವುದಿಲ್ಲ.